ಗಿಲಕಿಯ ಮನೆಯ ನರ್ಸಮ್ಮ

‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆಯನ್ನು ಗಿಲಕಿಯ ಅಕ್ಕ ಒಂದು ಕಾಲಕ್ಕೆ ನಗುನಗುತ್ತಲೇ ಹೇಳುತ್ತಿದ್ದಳು. ಆಮೇಲೆ ನಗದೆ ಹೇಳತೊಡಗಿದಳು. ಕೊನೆಗೆ ಹೇಳುವುದನ್ನೇ ಬಿಟ್ಟಳು.

ಗಿಲಕಿ ಎಂದು ಅವಳನ್ನು ಕರೆಯುತ್ತಿದ್ದುದು ಅಕ್ಕ ಒಬ್ಬಳೇ. ತೊಟ್ಟಿಲಲ್ಲಿದ್ದಾಗಲೇ ಬಾಯಿ ಮುಚ್ಚದೆ ಗಲಗಲ ಅನ್ನುತ್ತಿದ್ದ ಮಗುವಿಗೆ ಅಕ್ಕ ಇಟ್ಟ ಹೆಸರು ಅದು. ಉಳಿದ ಲೋಕಕ್ಕೆಲ್ಲ ಅವಳು ಚಿಲಕಮ್ಮ. ಔಷಧಿ ಅಂಗಡಿಯಲ್ಲಿ ಚಿಲ್ಲರೆಗೆ ಕಾಯುತ್ತಿದ್ದರೆ ಹಿಂದಿನಿಂದ ಯಾರೋ “ಚಿಲಕ ಹಾಕಿದ್ರಾ ಅಮ್ಮಾ?” ಎನ್ನುತ್ತಿದ್ದರು. ಅವಳು ತಿರುಗಿ, ಕಣ್ಣರಳಿಸಿ, ಎದೆಯ ಮೇಲೆ ಕೈಯಿಟ್ಟು “ಅಯ್ಯೋ!” ಎಂದರೆ ಸಾಕು, ಇಡೀ ಅಂಗಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕ ನೆರೆಯವರು ನಮಸ್ಕಾರ ಹೇಳಿ, ಆಮೇಲೆ ತುಟಿಯಂಚಿನಲ್ಲಿ ನಗುವನ್ನು ಸಿದ್ಧಮಾಡಿಟ್ಟುಕೊಂಡು ಕಾಯುತ್ತಿದ್ದರು. ಮೂರನೆಯ ಮಹಡಿ ಬರುವಷ್ಟರಲ್ಲಿ ಅವಳು ಏನಾದರೊಂದು ಹೇಳಲೇಬೇಕಿತ್ತು. ಹೇಳದಿದ್ದರೆ ‘ಯಾಕೋ ಈಗೀಗ ದೊಡ್ಡಸ್ತಿಕೆ’ ಎಂದುಕೊಳ್ಳುತ್ತಾರೆ.

ಅವಳ ಕಸುಬು ರೇಡಿಯೋದಲ್ಲಿ ಶುರುವಾದದ್ದು. ಮಕ್ಕಳ ಕಾರ್ಯಕ್ರಮದಲ್ಲಿ ಬೆಕ್ಕು, ಮುದುಕಿ, ಹಟಮಾರಿ ಹುಡುಗ, ಎಣ್ಣೆ ಕಾಣದ ಬಾಗಿಲು, ಎಲ್ಲಕ್ಕೂ ಅವಳದೇ ಗಂಟಲು. ಆಮೇಲೆ ನಾಟಕದ ತಂಡ. ಆಮೇಲೆ ಸಿನಿಮಾ: ಮೊದಲಿಗೆ ನಾಯಕಿಯ ಗೆಳತಿ, ತಲೆಗೂದಲು ನರೆಯುತ್ತ ಬಂದಂತೆ ನಾಯಕಿಯ ಚಿಕ್ಕಮ್ಮ. ಭಾಷೆ ಬಾರದ ನಾಯಕಿಯರು ಬಾಯಿ ಆಡಿಸಿದ ಕಡೆ ದನಿಯೂ ಇವಳದೇ. ಟೀವಿಯಲ್ಲಿ ಹರಟೆಯ ಕಾರ್ಯಕ್ರಮ, ನಗೆ ಸ್ಪರ್ಧೆಗೆ ತೀರ್ಪುಗಾರ್ತಿ, ಸೋಪಿನ ಜಾಹೀರಾತು. ಒಂದು ಮದುವೆಯೂ ಈ ನಡುವೆ ಆಗಿ, ಗದ್ದಲವಿಲ್ಲದೆ ಮುರಿದುಹೋಗಿತ್ತು. ಇಷ್ಟು ವೇಷಗಳಲ್ಲಿ ಜನ ನೆನಪಿಟ್ಟುಕೊಂಡದ್ದು ಮಾತ್ರ ಒಂದನ್ನೇ.

ಆ ವೇಷ ಹುಟ್ಟಿದ್ದು ಒಂದು ಎಡವಟ್ಟಿನಿಂದ. ನಾಟಕ ನಡೆಯುತ್ತಿದ್ದಾಗ ಗಂಡನ ಪಾತ್ರದವನು ಮೀಸೆ ಅಂಟದೆ ಒಳಗೆ ಒದ್ದಾಡುತ್ತಿದ್ದ. ರಂಗದ ಮೇಲೆ ಇವಳೊಬ್ಬಳೇ. ಮುಂದಿನ ಮಾತು ಅವನದು. ಸುಮ್ಮನೆ ನಿಂತರೆ ಜನ ಕೆಮ್ಮತೊಡಗುತ್ತಾರೆ, ಒಬ್ಬ ಕೆಮ್ಮಿದರೆ ಊರೇ ಕೆಮ್ಮುತ್ತದೆ. ಗಿಲಕಿಗೆ ಹೊಳೆದದ್ದು ಹುಟ್ಟಿದಂದಿನಿಂದ ಕಂಡ ಒಂದು ದೃಶ್ಯ: ಅಕ್ಕ ಮನೆಯಿಂದ ಹೊರಡುವುದು. ಚಿಲಕ ಹಾಕಿ, ಬೀಗ ಜಡಿದು, ಮೂರು ಸಲ ಜಗ್ಗಿ, ಒಂದು ಸಲ ನೂಕಿ, ಮೆಟ್ಟಿಲಿಳಿದು, ಬೀದಿಯ ತಿರುವಿನವರೆಗೆ ಹೋಗಿ, ನಿಂತು, “ಹಾಕಿದ್ನಾ?” ಎಂದು ತನ್ನನ್ನೇ ಕೇಳಿಕೊಂಡು ಮತ್ತೆ ವಾಪಸು. ಮತ್ತೆ ಮೂರು ಜಗ್ಗು, ಒಂದು ನೂಕು. ಗಿಲಕಿ ಅದನ್ನು ಹಾಗೆ ಹಾಗೆಯೇ ಆಡಿದಳು. ಅಕ್ಕನ ಕೊರಳು ಒಂದು ಕಡೆ ವಾಲುವುದು, ಸೆರಗನ್ನು ಬೀಗಕ್ಕೆ ಸುತ್ತಿ ಜಗ್ಗುವುದು, ಹೊರಡುವ ಮುನ್ನ ಬಾಗಿಲಿಗೆ ಬೆರಳು ತೋರಿಸಿ ‘ಇರು’ ಎನ್ನುವುದು, ಒಂದನ್ನೂ ಬಿಡಲಿಲ್ಲ. ಮೀಸೆ ಅಂಟಿಸಿಕೊಂಡು ಬಂದವನಿಗೆ ಮಾತಾಡಲು ಜಾಗವೇ ಸಿಗಲಿಲ್ಲ. ಸಭೆ ಎದ್ದು ಕುಣಿಯುತ್ತಿತ್ತು.

ಅಕ್ಕ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಚಿಲಕಮ್ಮ ಟೀವಿಗೆ ಬಂದ ವರ್ಷ, ಅಕ್ಕ ಕ್ಲಾಸಿಗೆ ಹೋದಾಗ ಕರಿಹಲಗೆಯ ಮೇಲೆ ಯಾರೋ ದೊಡ್ಡದೊಂದು ಚಿಲಕ ಬರೆದಿಟ್ಟಿದ್ದರು. ಹಿಂದಿನ ಬೆಂಚಿನಿಂದ ಟಕ್ ಟಕ್ ಎಂದು ನಾಲಿಗೆಯ ಸದ್ದು. ಅಕ್ಕ ಚಿಲಕವನ್ನು ಒರೆಸಿ, ಅದೇ ಜಾಗದಲ್ಲಿ ವೃತ್ತ ಬರೆದು ಪಾಠ ಮಾಡಿ ಬಂದಳಂತೆ. ಇದನ್ನು ಗಿಲಕಿಗೆ ಹೇಳಿದವನು ಭಾವ, ಅಕ್ಕನ ಗಂಡ. ಅಕ್ಕ ಏನೂ ಹೇಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅಂದಿನಿಂದ ಅಕ್ಕ ತಂಗಿಯ ಮುಂದೆ ಮಾತನ್ನು ಅಳೆದೂ ಸುರಿದೂ ಆಡತೊಡಗಿದಳು, ಅಷ್ಟೇ. ಪೊಲೀಸರ ಮುಂದೆ ಹೇಳಿಕೆ ಕೊಡುವವಳ ಹಾಗೆ.

“ಅಕ್ಕಾ, ಹೇಗಿದ್ದೀಯಾ?”

“ಹೂಂ. ಚೆನ್ನಾಗಿದ್ದೀನಿ.”

“ಏನು ಮಾಡ್ತಿದ್ದೆ?”

“ಏನಿಲ್ಲ.”

“ಮಗಳು ಬಂದಿದ್ಲಂತೆ?”

“ಬಂದಿದ್ಲು. ಹೋದ್ಲು. ಇಡ್ಲಾ?”

ಈ ‘ಇಡ್ಲಾ’ ಗಿಲಕಿಯ ಬದುಕಿನಲ್ಲಿ ವರ್ಷಗಟ್ಟಲೆ ನಡೆದುಬಂದಿತ್ತು. ಅವಳ ಮಾತು ಕೇಳಲು ಜನ ಟಿಕೆಟು ಕೊಂಡು ಬರುತ್ತಿದ್ದರು. ಅವಳು ಕೇಳಬೇಕೆಂದು ಹಂಬಲಿಸಿದ ಮಾತು ಮಾತ್ರ ಎಲ್ಲೂ ಸಿಗುತ್ತಿರಲಿಲ್ಲ. ದೊಡ್ಡ ಮಾತೇನಲ್ಲ. ತರಕಾರಿಯವನೊಂದಿಗೆ ಜಗಳವಾಡಿದ್ದು, ಮಂಡಿನೋವು, ನೆರೆಮನೆಯವಳ ಹೊಸ ಸೋಫಾದ ಬಗ್ಗೆ ಹೊಟ್ಟೆಕಿಚ್ಚು, ಇಂಥವು. ಭಾವ ಇದ್ದಾಗ ಅವನಾದರೂ ಒಂದಿಷ್ಟು ವರದಿ ಒಪ್ಪಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಕಿಟಕಿಯೂ ಮುಚ್ಚಿತು.

ಹೀಗಿರುವಾಗ ಅಕ್ಕನ ಕಣ್ಣಿನ ಹಿಂದಿನ ಪರದೆ ಕಿತ್ತುಬಂತು. ಆಪರೇಷನ್ ಆಯಿತು. ಡಾಕ್ಟರು ಕಣ್ಣಿನೊಳಗೆ ಒಂದು ಗಾಳಿಯ ಗುಳ್ಳೆ ಬಿಟ್ಟಿದ್ದರು. ಆ ಗುಳ್ಳೆ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ವಾರ, ಹತ್ತು ದಿನ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಮಲಗಿದರೂ ಬೋರಲು, ಕೂತರೂ ತಲೆ ತಗ್ಗಿಸಿ, ನಡೆದರೂ ನೆಲ ನೋಡಿಕೊಂಡು. ಆಸ್ಪತ್ರೆಗೆ ಗಿಲಕಿಯ ಮನೆಯೇ ಹತ್ತಿರ. ಅಕ್ಕನ ಮಗಳಿಗೆ ಕೈಗೂಸು, ರಜೆ ಮುಗಿದ ಗಂಡ. ಅವಳು ಫೋನಿನಲ್ಲಿ ತಡವರಿಸಿದಳು.

“ಚಿಕ್ಕಮ್ಮಾ, ಅಮ್ಮ ನಿಮ್ಮನೇಲಿ ಇರೋಕೆ ಒಪ್ಪಿದಾಳೆ. ಆದ್ರೆ ಒಬ್ಬ ನರ್ಸ್ ಬೇಕೇ ಬೇಕು ಅಂತಾಳೆ. ನೀವು ಬಿಜಿ ಇರ್ತೀರಲ್ಲ, ಅದಕ್ಕೆ.”

ಅದಕ್ಕಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೋರಲು ಬಿದ್ದು, ಬಟ್ಟೆ ಸರಿಮಾಡಿಸಿಕೊಂಡು, ಬಚ್ಚಲಿಗೆ ಕೈಹಿಡಿಸಿಕೊಂಡು ಹೋಗುವ ತನ್ನನ್ನು ತಂಗಿ ನೋಡುವುದು ಅಕ್ಕನಿಗೆ ಬೇಡವಾಗಿತ್ತು. ಆ ಕಣ್ಣಿಗೆ ಒಮ್ಮೆ ಬಿದ್ದದ್ದು ಎಲ್ಲಿ ಎದ್ದು ಬರುತ್ತದೋ ಯಾರು ಬಲ್ಲರು?

ಗಿಲಕಿ ಏಜೆನ್ಸಿಗೆ ಹೇಳಿ ನರ್ಸನ್ನು ಗೊತ್ತುಮಾಡಿದಳು. ಮಗಳು ಬೆಳಿಗ್ಗೆ ಅಕ್ಕನನ್ನು ತಂದು ಮಲಗಿಸಿ, ಔಷಧಿ ತೋರಿಸಿ, “ನರ್ಸು ಇನ್ನೇನು ಬರ್ತಾರಮ್ಮ” ಎಂದು ಮಗುವಿನ ಹಾಲಿನ ಹೊತ್ತಿಗೆ ಓಡಿದಳು. ಗಿಲಕಿ ಒಂದು ಜಾಹೀರಾತಿನ ಶೂಟಿಂಗ್ ಮುಗಿಸಿ, ಅಲ್ಲಿಯ ಬಿಳಿ ಬಟ್ಟೆಬೂಟನ್ನೂ ಬಿಚ್ಚದೆ ಮನೆಗೆ ಬರುವಷ್ಟರಲ್ಲಿ ಏಜೆನ್ಸಿಯವರ ಫೋನು: ನರ್ಸಿನ ಮಗುವಿಗೆ ಜ್ವರ, ಇವತ್ತು ಬರುವುದಿಲ್ಲ.

ಫೋನು ಕೆಳಗಿಟ್ಟು ಕೋಣೆಯ ಬಾಗಿಲಲ್ಲಿ ನಿಂತಳು. ಮಂಚದ ತುದಿಯಿಂದ ಅಕ್ಕನ ತಲೆ ಮುಂದಕ್ಕೆ ಚಾಚಿತ್ತು. ಹಣೆಯೂ ಗಲ್ಲವೂ ಬಳೆಯಂಥ ದಿಂಬಿನ ಮೇಲೆ; ದಿಂಬಿನ ತೂತಿನಿಂದ ಕಾಣುವುದು ನೆಲದ ಒಂದೇ ಟೈಲು. ಒಂದು ಕಣ್ಣಿಗೆ ಮುಚ್ಚಳ, ಇನ್ನೊಂದರ ದಪ್ಪ ಕನ್ನಡಕ ಮೇಜಿನ ಮೇಲೆ. ಹತ್ತಿರ ಹೋದಳು. ಹಿಂಗತ್ತಿನ ನರೆಗೂದಲು ಬೆವರಿಗೆ ಅಂಟಿಕೊಂಡಿತ್ತು. ಅಕ್ಕನ ಹಿಂಗತ್ತನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ.

“ಯಾರು? ನರ್ಸಾ?” ನೆಲಕ್ಕೆ ಮಾತಾಡಿದ ಹಾಗೆ ಅಕ್ಕ ಕೇಳಿದಳು. ಟೈಲಿನ ಅಂಚಿಗೆ ಬಂದ ಬಿಳಿಯ ಮಸುಕೊಂದು ಅವಳಿಗೆ ಕಂಡಿರಬೇಕು.

“ನಾನು” ಎನ್ನಲು ಗಿಲಕಿ ಬಾಯಿ ತೆರೆದಳು. ತಾನು ಎಂದು ತಿಳಿದರೆ ಅಕ್ಕನ ಕತ್ತು ಬಿಗಿಯುತ್ತದೆ, ನರ್ಸು ಬರದಿದ್ದರೆ ಈಗಲೇ ವಾಪಸು ಕಳಿಸು ಎನ್ನುತ್ತಾಳೆ. ಬಾಯಿಂದ ಬಂದದ್ದು “ಹೂಂ ಅಮ್ಮಾ, ಬಂದೆ. ಬಸ್ಸು ತಡವಾಯ್ತು” ಎಂಬ ಮಾತು. ಅದು ಬೆಕ್ಕಿನ ದನಿಯಲ್ಲ, ಮುದುಕಿಯದಲ್ಲ, ಯಾವ ನಾಯಕಿಯದೂ ಅಲ್ಲ. ಸ್ವಲ್ಪ ಗೊಗ್ಗರು, ಸ್ವಲ್ಪ ನಿಧಾನ. ಇಷ್ಟು ವರ್ಷ ಎಲ್ಲಿ ಕೂತಿತ್ತೋ, ಯಾರೂ ಇನ್ನೂ ನಗದ ದನಿ.

“ತಡವಾದ್ರೆ ಆಗ್ಲಿ, ಮೊದಲು ನನ್ನ ಕತ್ತು ಸ್ವಲ್ಪ ಒತ್ತಮ್ಮ” ಎಂದಳು ಅಕ್ಕ. “ಕೋಳಿ ಕುಯ್ಯೋಕೆ ಹಿಡಿದ ಹಾಗೆ ಹಿಡಿದಿಟ್ಟಿದಾರೆ.”

ಗಿಲಕಿ ಒತ್ತಿದಳು. ಇವತ್ತೊಂದು ದಿನ, ನಾಳೆ ನಿಜವಾದ ನರ್ಸು ಬರುತ್ತಾಳೆ ಎಂದುಕೊಂಡಳು. ಆದರೆ ಅಕ್ಕ ಮಾತಾಡತೊಡಗಿದ್ದಳು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವಳ ಗೊರಕೆ, ಡಾಕ್ಟರಿಗೆ ಗಡ್ಡ ಒಪ್ಪುವುದಿಲ್ಲ, ಅಳಿಯ ಒಳ್ಳೆಯವನೇ ಆದರೆ ಲೆಕ್ಕದಲ್ಲಿ ದಡ್ಡ. ಒತ್ತುತ್ತ ಒತ್ತುತ್ತ ಗಿಲಕಿಯ ಕೈ ನಿಂತೇ ಹೋಯಿತು.

“ಯಾಕಮ್ಮ, ನಿದ್ದೆ ಬಂತಾ?”

“ಇಲ್ಲಮ್ಮಾ. ಹೇಳಿ, ಕೇಳ್ತಿದ್ದೀನಿ.”

ಮರುದಿನ ಏಜೆನ್ಸಿಗೆ ಫೋನು ಮಾಡಿ, ಯಾರೂ ಬೇಡ ಎಂದಳು. ಚಾನೆಲ್ಲಿಗೆ, ದನಿ ಕೊಡುವ ಸ್ಟುಡಿಯೋಗೆ, ಗಂಟಲು ಕೆಟ್ಟಿದೆ ಎಂದು ಹೇಳಿ ವಾರದ ಕೆಲಸವನ್ನೆಲ್ಲ ಮುಂದೂಡಿದಳು. ಕಣ್ಣಿಗೆ ಹನಿ ಹಾಕುವುದನ್ನು ಆಸ್ಪತ್ರೆಗೆ ಹೋಗಿ ಕಲಿತು ಬಂದಳು. ಹನಿ ಹಾಕುವಾಗ ಅಕ್ಕ ಮುಖ ಮೇಲೆತ್ತಬೇಕಿತ್ತು. ಆಗ ಗಿಲಕಿ ಕಣ್ಣಿನವರೆಗೂ ಮಾಸ್ಕು ಏರಿಸಿಕೊಳ್ಳುತ್ತಿದ್ದಳು. ಹೇಗೂ ಅಕ್ಕನಿಗೆ ಕಾಣುತ್ತಿದ್ದುದು ನೀರಿನಡಿಯ ಬೆಳಕಿನಂಥ ಮಸುಕು ಮಾತ್ರ.

ಹೀಗೆ ಆ ಮನೆಯಲ್ಲಿ ಇಬ್ಬರು ಹೆಂಗಸರು ಅಕ್ಕನನ್ನು ನೋಡಿಕೊಳ್ಳತೊಡಗಿದರು. ಬಿಳಿ ಬೂಟಿನವಳು ಹಗಲೂ ರಾತ್ರಿಯೂ ಇರುತ್ತಿದ್ದಳು. ಹವಾಯಿ ಚಪ್ಪಲಿಯವಳು ಸಂಜೆ ಹೊರಗಿನಿಂದ ಬಂದವಳಂತೆ ಬಾಗಿಲ ಸದ್ದು ಮಾಡಿಕೊಂಡು ಬಂದು, “ಅಕ್ಕಾ, ಹೇಗಿದ್ದೀಯಾ?” ಎನ್ನುತ್ತಿದ್ದಳು.

“ಹೂಂ. ಚೆನ್ನಾಗಿದ್ದೀನಿ.”

“ನರ್ಸು ಸರಿಯಾಗಿ ನೋಡ್ಕೋತಿದಾಳಾ?”

“ಹೂಂ.”

ಹವಾಯಿ ಚಪ್ಪಲಿ ಅಷ್ಟಕ್ಕೇ ವಾಪಸು ಹೋಗುತ್ತಿತ್ತು. ಅಡುಗೆಮನೆಯಲ್ಲಿ ನಿಂತು ಬೂಟು ಹಾಕಿಕೊಂಡು ಬಂದರೆ ಅದೇ ಅಕ್ಕ, “ಬಂದ್ಯಾ? ಕೂತ್ಕೋ. ಎಲ್ಲಿಗೆ ಬಂದಿತ್ತು ಕಥೆ?” ಎನ್ನುತ್ತಿದ್ದಳು. ಒಂದು ಸಂಜೆ ಬೂಟಿನ ದಾರ ಕಟ್ಟುತ್ತ ಗಿಲಕಿ ಗಂಟನ್ನು ಬೇಕಿದ್ದಕ್ಕಿಂತ ಬಿಗಿಯಾಗಿ ಜಗ್ಗಿದಳು. ಅದು ಹೊಟ್ಟೆಕಿಚ್ಚು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬದುಕಿನಲ್ಲಿ ಬೇರೆ ನಟಿಯರ ಮೇಲೆ ಪಟ್ಟಿದ್ದಳು, ಸರಿ. ತನ್ನ ಮೇಲೆ ತಾನೇ ಪಡುವುದೆಂದರೆ?

ಅಕ್ಕನಿಗೂ ಒಂದು ಅನುಮಾನ ಬಂತು, ಆದರೆ ಬೇರೆಯದೇ.

“ನರ್ಸಮ್ಮಾ, ನಿನಗೂ ನನ್ನ ತಂಗಿಗೂ ಆಗಲ್ವಾ?”

“ಯಾಕಮ್ಮಾ?”

“ಎತ್ತು ಏರಿಗೆ, ಕೋಣ ನೀರಿಗೆ. ಅವಳು ಬಂದ್ರೆ ನೀನಿರಲ್ಲ, ನೀನು ಬಂದ್ರೆ ಅವಳಿರಲ್ಲ. ಅವಳೇನಾದ್ರೂ ಅಂದ್ಲಾ? ಬಾಯಿ ಜೋರು ಅವಳದು. ಮನಸ್ಸಲ್ಲಿ ಇಟ್ಕೋಬೇಡ.”

“ಅವರು ದೊಡ್ಡೋರಲ್ಲಮ್ಮ, ಟೀವಿಲಿ ಬರೋರು. ನಂಗೆ ಹೆದರಿಕೆ.”

“ಅವಳಿಗೆ ಹೆದರೋದೇನು ಬಂತು! ಮೂಗು ಸುರಿಸ್ಕೊಂಡು ನನ್ನ ಹಿಂದೆ ತಿರುಗ್ತಿದ್ಲು, ಗಿಲಕಿ.” ಅಕ್ಕ ನೆಲದ ಟೈಲಿಗೆ ನಕ್ಕಳು. ಎಷ್ಟು ವರ್ಷಗಳ ಮೇಲೆ ಆ ಹೆಸರು ಕಿವಿಗೆ ಬಿತ್ತು! ಗಿಲಕಿ ಕೈಯಲ್ಲಿದ್ದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನೀನು ನೋಡಿದ್ದೀಯಾ ಅವಳ ಆ ಚಿಲಕದ್ದು?”

“ನೋಡಿದ್ದೀನಮ್ಮ.”

“ನಗು ಬಂತಾ?”

“ಬಂತಮ್ಮ” ಎಂದಳು, ತಗ್ಗಿದ ದನಿಯಲ್ಲಿ.

“ನನಗೂ ಬರುತ್ತೆ ಕಣೇ,” ಎಂದಳು ಅಕ್ಕ. “ಅದೇ ಬಂದಿರೋ ತೊಂದರೆ. ಬಾಗಿಲು ಹಾಕ್ಕೊಂಡು ಕೂತು ನೋಡ್ತೀನಿ, ನಗ್ತೀನಿ. ಆಮೇಲೆ ಹೊರಗೆ ಹೊರಟಾಗ ಕೈ ಚಿಲಕದ ಮೇಲಿಟ್ರೆ, ಇದು ನನ್ನ ಕೈಯೋ ಅವಳ ಕೈಯೋ ಅನ್ನಿಸಿಬಿಡುತ್ತೆ. ಏನೇ ಮಾಡಿದ್ರೂ ಅವಳನ್ನ ನೋಡಿ ಮಾಡಿದ ಹಾಗಿರುತ್ತೆ.”

ಗಿಲಕಿ ಲೋಟ ತೊಳೆಯುವ ನೆಪದಲ್ಲಿ ಎದ್ದುಹೋದಳು.

ಕಣ್ಣಿನ ಪಟ್ಟಿ ಬಿಚ್ಚಲು ಇನ್ನೆರಡು ದಿನವಿದ್ದಾಗ ಅಕ್ಕ ತನ್ನ ಫೋನನ್ನು ಕೊಟ್ಟು, ಬ್ಯಾಂಕಿನಿಂದ ಏನೋ ಸದ್ದು ಬಂತು, ನೋಡು ಎಂದಳು. ಏನೋ ಒತ್ತಿದ್ದು ಇನ್ನೇನೋ ತೆರೆದು, ಪರದೆಯ ತುಂಬ ಚಿತ್ರಗಳು ಬಂದವು. ಎಲ್ಲವೂ ಒಂದೇ. ಹಸಿರು ಬಾಗಿಲು, ಹಿತ್ತಾಳೆಯ ಚಿಲಕ, ಬೀಗ. ಬೆರಳಿಂದ ಮೇಲಕ್ಕೆ ತಳ್ಳಿದಳು. ಚಿಲಕ, ಚಿಲಕ, ಚಿಲಕ. ನಡುವೆ ಎಲ್ಲೋ ಮೊಮ್ಮಗುವಿನ ಕಾಲೊಂದು. ಮತ್ತೆ ಚಿಲಕ.

“ಅಮ್ಮಾ, ಇದೇನು...”

“ಅಯ್ಯೋ, ಅದು ತೆಗೆದುಬಿಟ್ಯಾ!” ಅಕ್ಕನ ಕಿವಿ ಕೆಂಪಾಯಿತು. “ನಗಬೇಡ. ಬೀಗ ಹಾಕಿದ ತಕ್ಷಣ ಒಂದು ಫೋಟೋ ಹೊಡ್ಕೋತೀನಿ. ಬಸ್ಸಲ್ಲಿ ಕೂತಾಗ ಅನುಮಾನ ಬರುತ್ತಲ್ಲ, ತೆಗೆದು ನೋಡ್ತೀನಿ. ಹಾಕಿದೆ ಅಂತ ಸಮಾಧಾನ. ಆಮೇಲೆ ಇದು ಇವತ್ತಿಂದೋ ನಿನ್ನೆದೋ ಅಂತ ಶುರುವಾಗುತ್ತೆ.”

ಗಿಲಕಿಗೆ ನಗು ನುಗ್ಗಿ ಬಂತು. ನರ್ಸಮ್ಮನ ಮಾಸ್ಕಿನೊಳಗೆ ತುಟಿ ಕಚ್ಚಿದಳು. ಮೂವತ್ತು ವರ್ಷ ಪಳಗಿದ ಮನಸ್ಸು ಆಗಲೇ ಒಳಗೊಳಗೆ ಬಸ್ಸಿನ ಸೀಟು ಹಾಕಿ, ಕಂಡಕ್ಟರನನ್ನು ನಿಲ್ಲಿಸಿ, ಎಲ್ಲಿ ತಡೆದು ಎಲ್ಲಿ ಮಾತು ಬಿಟ್ಟರೆ ಜನ ಬಿದ್ದು ನಗುತ್ತಾರೆಂದು ಅಳೆಯುತ್ತಿತ್ತು.

“ಹಿಂದಕ್ಕೆ ಹೋಗು,” ಎಂದಳು ಅಕ್ಕ. “ಇನ್ನೂ ಹಿಂದೆ. ಇನ್ನೂ. ಒಂದರಲ್ಲಿ ಕೈ ಇದೆ, ನೋಡು.”

ಇತ್ತು. ಚಿಲಕದ ಮೇಲೆ ಗಂಡಸಿನ ಕೈ. ಉಗುರು ಒತ್ತಾಗಿ ಕತ್ತರಿಸಿದ, ಗಡಿಯಾರದ ಪಟ್ಟಿ ಸಡಿಲವಾದ ಕೈ. ಭಾವನ ಕೈ.

“ಆ ಟೀವಿ ಕಾರ್ಯಕ್ರಮ ಬಂದ ಮೇಲೆ ನಮ್ಮ ಯಜಮಾನ್ರು ನನ್ನ ವಾಪಸು ಹೋಗೋಕೇ ಬಿಡ್ತಿರಲಿಲ್ಲ. ಬೀದೀಲಿ ಜನ ನಗ್ತಾರಲ್ಲ. ‘ನೀನು ಇಲ್ಲೇ ನಿಂತಿರು’ ಅಂತ ಹೇಳಿ ಅವರೇ ಹತ್ತಿ ಹೋಗಿ ಜಗ್ಗಿ ನೋಡಿ ಬರೋರು. ಅವತ್ತು ನಾನು ಫೋಟೋ ಹೊಡೀತಿದ್ದಾಗ ಅವರ ಕೈ ಅಡ್ಡ ಬಂತು. ‘ಕೈ ತೆಗೀರಿ’ ಅಂತ ಬೈದೆ.” ಅಕ್ಕ ದಿಂಬಿನ ಮೇಲೆ ಹಣೆಯನ್ನು ಸರಿಮಾಡಿಕೊಂಡಳು. “ಅವರದ್ದು ಬೇರೆ ಎಷ್ಟೋ ಫೋಟೋ ಇದೆ. ಕೋಟು ಹಾಕ್ಕೊಂಡು, ಹಲ್ಲು ಬಿಟ್ಕೊಂಡು. ನಾನು ನೋಡೋದು ಇದನ್ನೇ. ಯಾರಿಗೂ ಹೇಳಿಲ್ಲ. ಮಗಳಿಗೂ ಹೇಳಿಲ್ಲ. ನೀನೂ ಹೇಳ್ಬೇಡ.”

“ಹೇಳಲ್ಲಮ್ಮ,” ಎಂದಿತು ಗೊಗ್ಗರು ದನಿ.

ಪಟ್ಟಿ ಬಿಚ್ಚುವ ಹಿಂದಿನ ದಿನ ನರ್ಸಮ್ಮ ಕೆಲಸ ಬಿಟ್ಟಳು. ಬೇರೆ ಕಡೆ ಹಾಕಿದಾರಂತೆ ಎಂದು ಗಿಲಕಿ ತನ್ನದೇ ದನಿಯಲ್ಲಿ ಸುದ್ದಿ ಮುಟ್ಟಿಸಿದಳು. ಅಕ್ಕ “ಹೂಂ” ಎಂದಳು, ಆದರೆ ಹೊರಡುವಾಗ, ಕಪ್ಪು ಕನ್ನಡಕ ಹಾಕಿಕೊಂಡು, ಲಿಫ್ಟಿನ ಬಾಗಿಲಲ್ಲಿ ನಿಂತು, ಅಪರೂಪಕ್ಕೆ ತಾನಾಗಿ ಒಂದು ಮಾತು ಕೇಳಿದಳು: “ಅವಳ ನಂಬರು ಇದೆಯಾ?”

ಗಿಲಕಿಯ ಬಳಿ ಹಳೆಯ ಫೋನೊಂದಿತ್ತು, ಯಾರಿಗೂ ಗೊತ್ತಿಲ್ಲದ ನಂಬರಿನದು. ಆ ನಂಬರನ್ನು ಕೊಟ್ಟಳು.

ಅಂದಿನಿಂದ ಆ ಹಳೆಯ ಫೋನು ಅವಳ ಕೈಚೀಲದಲ್ಲಿ ಮಗುವಿನಂತೆ ಜೋಪಾನವಾಗಿ ಓಡಾಡತೊಡಗಿತು. ಅದು ಬಡಿದುಕೊಂಡರೆ ಗಿಲಕಿ ಮೇಕಪ್ಪಿನ ಮಧ್ಯೆ ಎದ್ದು ಕಾರಿನೊಳಗೆ ಹೋಗಿ ಕೂರುತ್ತಿದ್ದಳು. ತನ್ನ ಫೋನನ್ನು ಅವಳು ಯಾವಾಗಲೂ ಎಡಗಿವಿಗೆ ಹಿಡಿಯುವವಳು. ಇದನ್ನು ಮಾತ್ರ, ಯಾಕೋ ಏನೋ, ಬಲಗಿವಿಗೆ ಹಿಡಿದರೇ ಆ ದನಿ ಬರುತ್ತಿತ್ತು. ಅಕ್ಕ ಎಲ್ಲವನ್ನೂ ಹೇಳುತ್ತಿದ್ದಳು. ಸೋಫಾದವಳ ಸೋಫಾಕ್ಕೆ ತಿಗಣೆ ಹತ್ತಿದ್ದು, ಮೊಮ್ಮಗು ಕನ್ನಡಕ ಕಚ್ಚಿದ್ದು, ಒಂಟಿಯಾಗಿ ಉಣ್ಣುವಾಗ ಅನ್ನ ಯಾವಾಗಲೂ ಜಾಸ್ತಿಯಾಗಿಬಿಡುವುದು. ನರ್ಸಮ್ಮ ಕೇಳುತ್ತಿದ್ದಳು, ಅಷ್ಟಿಷ್ಟು ಬುದ್ಧಿ ಹೇಳುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು. ಭಾನುವಾರ ಗಿಲಕಿ ತನ್ನ ಫೋನಿನಿಂದ ಮಾಡಿದರೆ “ಹೂಂ. ಏನಿಲ್ಲ. ಇಡ್ಲಾ?” ಆಗಲೇ ಗೊತ್ತಿದ್ದ ಸುದ್ದಿಯನ್ನೇ ಕೇಳಿ, ಗೊತ್ತಿಲ್ಲದವಳಂತೆ ಫೋನಿಡುವುದು. ಇದಕ್ಕಿಂತ ಕಷ್ಟದ ಪಾತ್ರವನ್ನು ಅವಳು ಮಾಡಿರಲಿಲ್ಲ. ನೋಡುವವರಿಲ್ಲದ್ದರಿಂದ ಚಪ್ಪಾಳೆಯೂ ಇರಲಿಲ್ಲ.

ಆ ನಡುವೆ ಚಾನೆಲ್ಲಿನ ಹುಟ್ಟುಹಬ್ಬ. ಬೆಳಗಿನ ನೇರ ಪ್ರಸಾರ, ಎದುರಿಗೆ ಜನ. ನಿರ್ಮಾಪಕ ಮೊದಲೇ ಹಿಡಿದುಕೊಂಡಿದ್ದ. “ಮೇಡಂ, ಚಿಲಕಮ್ಮ ಮಾಡಲೇಬೇಕು. ಆದ್ರೆ ಹೊಸದೇನಾದ್ರೂ ಇರ್ಲಿ. ಹಳೇದನ್ನ ಈಗಿನ ಮಕ್ಕಳು ಫೋನಲ್ಲೇ ನೋಡ್ಬಿಟ್ಟಿದಾರೆ.”

“ಹೊಸದು ಏನಿಲ್ಲಪ್ಪ. ಚಿಲಕಮ್ಮಂಗೆ ವಯಸ್ಸಾಯ್ತು,” ಎಂದು ಗಿಲಕಿ ಖಡಾಖಂಡಿತವಾಗಿ ಹೇಳಿದ್ದಳು. ಹಳೆಯದನ್ನೇ ಆಡಿ ಇಳಿದುಬಿಡುವುದೆಂದು ಮನಸ್ಸು ಗಟ್ಟಿಮಾಡಿಕೊಂಡೂ ಇದ್ದಳು.

ಹಳೆಯದನ್ನೇ ಆಡಿದಳು. ಮೂರು ಜಗ್ಗು, ಒಂದು ನೂಕು. ಜನ ನಕ್ಕರು, ಮರ್ಯಾದೆಗೆ. ಆ ನಗುವಿನ ತಳದಲ್ಲಿ ಖಾಲಿ ಡಬ್ಬದ ಸದ್ದಿತ್ತು. ಕಸುಬಿನವಳ ಕಿವಿಗೆ ಅದು ತಪ್ಪುವುದಿಲ್ಲ. ಎಲ್ಲೋ ಹಿಂದೆ ಯಾರೋ ಕೆಮ್ಮಿದರು. ಇನ್ನೊಬ್ಬರು ಕೆಮ್ಮಿದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ನಿರೂಪಕ, ಪಾಪ, ಸಹಾಯಕ್ಕೆಂದೇ ಒಂದು ಎಸೆತ ಎಸೆದ: “ಚಿಲಕಮ್ಮಾ, ಈಗೆಲ್ಲ ಕ್ಯಾಮೆರಾ ಫೋನ್ ಬಂದಿದೆಯಲ್ಲ, ವಾಪಸು ಯಾಕೆ ಹೋಗ್ತೀರಾ?”

ಎಸೆದ ಚೆಂಡನ್ನು ಹಿಡಿಯದೆ ಬಿಡುವುದನ್ನು ಗಿಲಕಿ ಕಲಿತೇ ಇರಲಿಲ್ಲ. ಕೈ ತಾನಾಗಿ ಫೋನೆತ್ತಿತು, ಕೊರಳು ವಾಲಿತು, ಬಾಯಿ ಓಡಿತು. “ಹೊಡ್ಕೊಂಡಿದ್ದೀನಲ್ಲಪ್ಪ ಫೋಟೋ! ನೋಡು, ಇದು ಸೋಮವಾರದ ಚಿಲಕ. ಇದು ಮಂಗಳವಾರದ್ದು. ಸ್ವಲ್ಪ ಸಪ್ಪಗಿದೆ ಅಲ್ವಾ? ಇದು... ಅಯ್ಯೋ, ಇದು ಇವತ್ತಿಂದೋ, ನಿನ್ನೆದೋ? ಕಂಡಕ್ಟರೇ, ಬಸ್ ನಿಲ್ಸಪ್ಪಾ!”

ಛಾವಣಿ ಹಾರಿಹೋಗುವಂಥ ನಗು. ಕ್ಯಾಮೆರಾ ಹಿಡಿದವನ ಭುಜ ಕುಣಿಯುತ್ತಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ನಾಲಿಗೆಯ ತುದಿಗೆ ಭಾವನ ಕೈಯ ಮಾತೂ ಬಂದು ನಿಂತಿತ್ತು. ಗಿಲಕಿ ಅಲ್ಲಿಗೆ ಹಲ್ಲು ಕಚ್ಚಿ ನಿಂತಳು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಗು ಇನ್ನೂ ಇಳಿಯುವ ಮೊದಲೇ ಅವಳಿಗೆ ಅಕ್ಕನ ಮುಚ್ಚಿದ ಬಾಗಿಲು, ಒಳಗೆ ಉರಿಯುವ ಟೀವಿ ಕಣ್ಣಿಗೆ ಕಟ್ಟಿತು.

ಮೇಕಪ್ ಕೋಣೆಯಲ್ಲಿ ಯಾರೋ ಹೂಗುಚ್ಛ ಕೊಟ್ಟರು, ನಿರ್ಮಾಪಕ ಕೈ ಕುಲುಕಿದ, “ಹೊಸದಿಲ್ಲ ಅಂತಿದ್ರಲ್ಲ ಮೇಡಂ, ಕಳ್ಳಿ!” ಎಂದ. ಎಲ್ಲರನ್ನೂ ಕಳಿಸಿ ಬಾಗಿಲು ಹಾಕುವಷ್ಟರಲ್ಲಿ ಕೈಚೀಲದಲ್ಲಿ ಹಳೆಯ ಫೋನು ಬಡಿದುಕೊಳ್ಳತೊಡಗಿತು.

ಬಲಗಿವಿಗೆ ಹಿಡಿದಳು. “ಹೇಳಿ ಅಮ್ಮಾ.”

“ನೀನಾ?” ಅಕ್ಕನ ದನಿ ಏರಿರಲಿಲ್ಲ. ಕ್ಲಾಸಿನಲ್ಲಿ ತಪ್ಪು ಲೆಕ್ಕವನ್ನು ತೋರಿಸುವಾಗಿನ ದನಿ. “ಟೀವಿ ನೋಡಿದ್ಯಾ?”

“...ನೋಡಿದೆ ಅಮ್ಮಾ.”

“ನಾನು ನಿನಗೊಬ್ಬಳಿಗೇ ಹೇಳಿದ್ದು. ಹೆತ್ತ ಮಗಳಿಗೆ ಹೇಳಿರಲಿಲ್ಲ. ನೀನು ಅವಳಿಗೆ ಹೇಳಿಬಿಟ್ಟೆಯಲ್ಲ.”

ಗಿಲಕಿ ತಾನು ಸಿಕ್ಕಿಬಿದ್ದೆ ಎಂದುಕೊಂಡಿದ್ದಳು. ಸಿಕ್ಕಿಬಿದ್ದವಳು ನರ್ಸಮ್ಮ.

“ನನ್ನ ತಂಗೀನ ಬೈಯಲ್ಲ ನಾನು,” ಅಕ್ಕ ಮುಂದುವರಿಸಿದಳು. “ಅವಳ ಕಸುಬು ಅದು, ಕಿವಿಗೆ ಬಿದ್ರೆ ಬಾಯಿಗೆ ಬಂದೇ ಬರುತ್ತೆ. ಬೆಕ್ಕಿನ ಮುಂದೆ ಹಾಲಿಟ್ಟು ಬೆಕ್ಕನ್ನ ಬೈದ್ರೆ ಆಗುತ್ತಾ? ನೀನು ಯಾಕಮ್ಮ ಹೇಳಿದೆ? ಅವಳು ಕೇಳಿದ್ಲಾ? ನೀನೇ ಹೋಗಿ ಒಪ್ಪಿಸಿದ್ಯಾ? ಆ ಕೈ ವಿಚಾರಾನೂ ಹೇಳಿದ್ಯಾ? ಅದೂ ನಾಳೆ ಬರುತ್ತಾ?”

ದಾರಿ ಸಲೀಸಾಗಿ ತೆರೆದುಕೊಂಡಿತ್ತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ‘ತಪ್ಪಾಯ್ತಮ್ಮ’ ಎಂದು ಆ ಗೊಗ್ಗರು ದನಿಯಲ್ಲಿ ಅತ್ತುಬಿಟ್ಟರೆ ಸಾಕು. ನರ್ಸಮ್ಮ ಎಂಬವಳು ಅಲ್ಲಿಗೆ ಮುಗಿಯುತ್ತಾಳೆ. ಇಲ್ಲದ ಹೆಂಗಸಿನ ತಲೆಗೆ ಇಲ್ಲದ ತಪ್ಪು. ಗಿಲಕಿ ಎಂದಿನಂತೆ ಭಾನುವಾರದ ‘ಹೂಂ’ಗೆ ಅರ್ಹಳಾಗಿ ಉಳಿಯುತ್ತಾಳೆ. ಬಹುಶಃ ನರ್ಸಮ್ಮನೂ ಕೈಬಿಟ್ಟ ಒಂಟಿತನದಲ್ಲಿ ಅಕ್ಕ ತಂಗಿಯ ಕಡೆ ಒಂದು ಹೆಜ್ಜೆ ಇಡಲೂಬಹುದು. ಲೆಕ್ಕ ಎಲ್ಲ ಸರಿಯಾಗಿತ್ತು.

ಆದರೆ ಅಕ್ಕ ಕೇಳಿದ್ದು ‘ನೀನು ಯಾಕೆ ಹೇಳಿದೆ’ ಎಂದು. ಅಕ್ಕ ತನ್ನನ್ನು ಯಾಕೆ ಎಂದು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಅದಕ್ಕೆ ಬೇರೊಬ್ಬಳು ಉತ್ತರ ಹೇಳುವುದು ಗಿಲಕಿಗೆ ತಡೆಯದಾಯಿತು. ಅವಳು ಫೋನನ್ನು ಬಲಗಿವಿಯಿಂದ ತೆಗೆದು ಎಡಗಿವಿಗೆ ಇಟ್ಟುಕೊಂಡಳು.

“ಅಕ್ಕಾ,” ಎಂದಳು.

ಕನ್ನಡಿಗೆ ಬೆನ್ನು ಮಾಡಿ ಕೂತಳು.

“ಅಕ್ಕಾ, ಅವಳು ಹೇಳಿಲ್ಲ. ಅವಳು ಯಾರಿಗೂ ಹೇಳಿಲ್ಲ. ಅವಳು... ಅಂಥವಳು ಯಾರೂ ಬಂದೇ ಇರಲಿಲ್ಲ. ಆ ಬಿಳಿ ಬೂಟು ಶೂಟಿಂಗಿಂದು. ನೀನು ನರ್ಸಾ ಅಂತ ಕೇಳಿದೆ, ನಾನು ಹೂಂ ಅಂದೆ. ಆಮೇಲೆ ನೀನು ಮಾತಾಡೋಕೆ ಶುರು ಮಾಡ್ದೆ. ನಿಲ್ಸೋಕೆ ಮನಸ್ಸು ಬರಲಿಲ್ಲ. ಕೈ ವಿಚಾರ ಹೇಳಲ್ಲಕ್ಕಾ. ಇವತ್ತೂ ಹೇಳಲಿಲ್ಲ. ಬಾಯಿವರೆಗೂ ಬಂತು, ಹೇಳಲಿಲ್ಲ.”

ಅವಳಿಗೆ ತನ್ನ ದನಿ ಯಾರದೋ ಎನ್ನಿಸಿತು. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಒಂದೂ ತಿಳಿಯಲಿಲ್ಲ. ಆ ಕಡೆಯಿಂದ ಅಕ್ಕನ ಉಸಿರು ಕೇಳುತ್ತಿತ್ತು. ಹಿಂದೆಲ್ಲೋ ಟೀವಿಯಲ್ಲಿ ಅದೇ ನಗುವನ್ನು ಮತ್ತೆ ಹಾಕುತ್ತಿದ್ದರು. ಅದು ಟಕ್ಕನೆ ನಿಂತಿತು. ಕುರ್ಚಿ ಎಳೆದ ಸದ್ದು. ಈಗ ‘ಇಡ್ಲಾ’ ಬರುತ್ತದೆ ಎಂದು ಗಿಲಕಿ ಕಣ್ಣು ಮುಚ್ಚಿ ಕಾದಳು. ಬರಲಿಲ್ಲ. ಬೈಗುಳವೂ ಬರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಯಾರೋ ನಗುತ್ತ ಹಾದುಹೋದರು, ಬಾಗಿಲು ತಟ್ಟಿ “ಚಿಲಕ ಹಾಕ್ಕೊಂಡಿದ್ದೀರಾ ಮೇಡಂ?” ಎಂದು ಕೂಗಿದರು. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

ಬಹಳ ಹೊತ್ತಿನ ಮೇಲೆ ಅಕ್ಕ ಗಂಟಲು ಸರಿಮಾಡಿಕೊಂಡಳು.

“ನಿನ್ನ ಹತ್ರ ನನಗೆ ಮಾತಾಡೋಕೆ ಬರಲ್ಲ,” ಎಂದಳು. “ಅವಳಿಗೆ ಕೊಡು ಫೋನು.”

ಗಿಲಕಿ ಮಾಸ್ಕು ಇಲ್ಲದ ಬಾಯನ್ನು ಒಂದು ಸಲ ಒರೆಸಿಕೊಂಡಳು. ಫೋನನ್ನು ಎಡಗಿವಿಯಿಂದ ತೆಗೆದು ನಿಧಾನವಾಗಿ ಬಲಗಿವಿಗೆ ಹಿಡಿದಳು.